ಮಗ್ಗದ ಮೇಲೆ ನಾಲ್ಕು ಬೆರಳು ಹೆಚ್ಚು

ಬಟ್ಟೆ ಕಡಿಮೆಯಾಗಿದ್ದರೆ ಮಗ್ಗದಕ್ಕನಿಗೆ ಆಶ್ಚರ್ಯವೇ ಆಗುತ್ತಿರಲಿಲ್ಲ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಯಾವುದು ತಾನೇ ಕಡಿಮೆಯಾಗದೆ ಉಳಿಯುತ್ತದೆ? ಸೋಪು, ಸಕ್ಕರೆ, ನಿದ್ದೆ, ತಾಳ್ಮೆ ಎಲ್ಲವೂ ನೋಡನೋಡುತ್ತಿದ್ದಂತೆ ಕರಗುವ ಪದಾರ್ಥಗಳೇ. ಆದರೆ ಆ ಭಾನುವಾರ ಬೆಳಗ್ಗೆ, ಚಿಕ್ಕ ಮಗಳ ಇನ್ನೊಂದು ಕಾಲಿನ ಚಪ್ಪಲಿ ಹುಡುಕುತ್ತ ಮಗ್ಗದ ಕೋಣೆಗೆ ಬಂದವಳಿಗೆ, ಮಗ್ಗದ ಮೇಲಿನ ಬಟ್ಟೆ ನಾಲ್ಕು ಬೆರಳು ಹೆಚ್ಚಾಗಿರುವುದು ಕಾಣಿಸಿತು.

ಕಣ್ಣು ತಪ್ಪಿರಬಹುದು ಎಂದುಕೊಳ್ಳುವ ಹಾಗೂ ಇರಲಿಲ್ಲ. ಪ್ರತಿ ಸಲ ಮಗ್ಗ ಬಿಟ್ಟು ಏಳುವಾಗ ನೆಯ್ದು ನಿಲ್ಲಿಸಿದ ಕಡೆ ಅಂಚಿಗೆ ಒಂದು ಕೆಂಪು ದಾರ ಕಟ್ಟಿಡುವುದು ಅವಳ ವಾಡಿಕೆ. ನಿನ್ನೆ ಬೆಳಗ್ಗೆಯೂ ಕಟ್ಟಿದ್ದಳು. ಆಮೇಲೆ ಇಬ್ಬರು ಮಕ್ಕಳನ್ನೂ ಇಂಜೆಕ್ಷನ್ ಹಾಕಿಸಲು ಕರೆದುಕೊಂಡು ಹೋಗಿ, ಚಿಕ್ಕವಳು ಡಾಕ್ಟರ ಬೆರಳು ಕಚ್ಚಿ, ದೊಡ್ಡವಳು ಅದಕ್ಕೆ ಕಾರಣ ವಿವರಿಸಿ, ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಮಗ್ಗದ ಕಡೆ ತಿರುಗಿಯೂ ನೋಡಿರಲಿಲ್ಲ. ಈಗ ಕೆಂಪು ದಾರ ಹಿಂದೆ ಉಳಿದಿತ್ತು, ಬಟ್ಟೆ ಅದನ್ನು ದಾಟಿ ಮುಂದೆ ಹೋಗಿತ್ತು.

ಬೇರೆ ದಿನವಾಗಿದ್ದರೆ ಬಂದ ಭಾಗ್ಯ ಎಂದು ಸುಮ್ಮನಿರುತ್ತಿದ್ದಳೇನೋ. ಆದರೆ ಅವತ್ತು ಸಂಜೆ ನಾಲ್ಕಕ್ಕೆ ನೇಕಾರರ ಸಂಘದ ಪರೀಕ್ಷಕಿ ಬರುವವರಿದ್ದರು. ಎರಡು ಬೀದಿ ಆಚೆ ಸಂಘದ ಹಾಲಿನಲ್ಲಿ ಹನ್ನೆರಡು ಮಗ್ಗಗಳು. ಕಿಟಕಿ ಪಕ್ಕದ್ದೊಂದು ಖಾಲಿಯಾಗಿತ್ತು. ಅದು ಸಿಕ್ಕವರು ದಿನಾ ಹತ್ತರಿಂದ ಒಂದರವರೆಗೆ ಅಲ್ಲಿ ಕೂತು ನೆಯ್ಯಬಹುದು. ಬಾಗಿಲಿಗೆ ಒಳಗಿನಿಂದ ಚಿಲಕ. ಬಾಗಿಲ ಮೇಲೆ ‘ಮಕ್ಕಳಿಗೆ ಪ್ರವೇಶವಿಲ್ಲ’ ಎಂಬ ಫಲಕ. ಬೇರೆಯವರು ಒಡವೆ ಅಂಗಡಿಯ ಮುಂದೆ ನಿಲ್ಲುವ ಹಾಗೆ ಮಗ್ಗದಕ್ಕ ಆ ಫಲಕದ ಮುಂದೆ ಎಷ್ಟೋ ಸಲ ನಿಂತಿದ್ದಳು. ಷರತ್ತು ಒಂದೇ: ಮನೆಯಲ್ಲಿ ನೆಯ್ದ ಒಂದೂವರೆ ಮೀಟರ್ ಬಟ್ಟೆ ತೋರಿಸಬೇಕು, ಅದು ಆದ್ಯಂತ ಒಬ್ಬರದೇ ಕೈಯಲ್ಲಿ ಆಗಿರಬೇಕು.

ಇನ್ನೂ ಒಂದು ಗೇಣು ಬಾಕಿಯಿತ್ತು. ಹೆಚ್ಚಾದದ್ದನ್ನು ಬಿಚ್ಚಲು ಕೂತರೆ ಅದನ್ನು ನೆಯ್ಯುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಬಿಚ್ಚದಿದ್ದರೆ ಷರತ್ತು ಮುರಿದ ಹಾಗೆ. ಇದೆಲ್ಲಕ್ಕಿಂತ ಅವಳ ತಲೆಯೊಳಗೆ ಕೊರೆಯುತ್ತಿದ್ದದ್ದು ಬೇರೆ: ಯಾರಿರಬಹುದು? ಯಾಕೆ ನೆಯ್ದಿರಬಹುದು? ಕದಿಯುವವರನ್ನು ಕೇಳಿದ್ದಳು, ಬಂದು ಕೆಲಸ ಮಾಡಿಕೊಟ್ಟು ಹೋಗುವ ಕಳ್ಳರನ್ನು ಕೇಳಿರಲಿಲ್ಲ.

ಮೊದಲ ಅನುಮಾನ ಗಂಡನ ಮೇಲೆ ಬಿತ್ತು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಆ ಮನುಷ್ಯ ಪೇಪರ್ ಓದುತ್ತ ಕೂತಿದ್ದ. ಅವನ ಅಂಗಿಯ ಜೇಬಿನ ಮೇಲೆ ನೀಲಿ ದಾರ ಅಂಟಿಕೊಂಡಿತ್ತು, ಮಗ್ಗದ ಮೇಲಿನದೇ ನೀಲಿ.

“ರೀ, ಈ ದಾರ ಎಲ್ಲಿಂದ ಬಂತು?”

“ನಿನ್ನ ಮದುವೆ ಆದಾಗಿಂದ ನನ್ನ ಮೈಮೇಲೆ ದಾರ ಇಲ್ಲದ ದಿನ ಯಾವುದು ಹೇಳು. ಆಫೀಸಲ್ಲಿ ನನ್ನನ್ನ ಗಾಳಿಪಟ ಅಂತಾರೆ.”

“ನಿನ್ನೆ ಮಗ್ಗದ ಮೇಲೆ ಕೂತಿದ್ರಾ?”

“ನಿನ್ನೆ ಇಡೀ ದಿನ ಆಫೀಸಲ್ಲಿದ್ದೆ. ಮಗ್ಗಕ್ಕೆ ಏನಾಯ್ತು?”

ಅವಳು ಹೇಳಿದಳು. ಎಂಟು ವರ್ಷದ ದೊಡ್ಡ ಮಗಳು ಕೇಳಿಸಿಕೊಂಡಳು. ಯಾವ ಮಾತಿಗೂ ಎದುರು ಪ್ರಶ್ನೆ ಹಾಕುವುದರಿಂದ ಅವಳನ್ನು ಎಲ್ಲರೂ ಲಾಯರ್ ಎನ್ನುತ್ತಿದ್ದರು. ಲಾಯರ್ ಕೇಳಿಸಿಕೊಂಡ ಮೇಲೆ ಇಡೀ ಕಟ್ಟಡಕ್ಕೆ ಗೊತ್ತಾಗಲು ಹತ್ತು ನಿಮಿಷ ಸಾಕಾಯಿತು.

ಮೊದಲು ಇಳಿದು ಬಂದವರು ಮೇಲಿನ ಮನೆಯ ನಿವೃತ್ತ ಸರ್ವೇಯರ್. ಕೆಲಸ ಬಿಟ್ಟು ಆರು ವರ್ಷವಾದರೂ ಅಳತೆ ಟೇಪು ಬಿಟ್ಟಿರಲಿಲ್ಲ. “ಯಾರೂ ಏನೂ ಮುಟ್ಟಬೇಡಿ,” ಎನ್ನುತ್ತಲೇ ಕೋಣೆಯೊಳಗಿನ ಎಲ್ಲವನ್ನೂ ಮುಟ್ಟಿದರು. ಅವರ ಹಿಂದೆ ಎದುರು ಮನೆಯ ಟೈಲರಮ್ಮ, ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಬಂದಳು. ಎರಡು ಟೇಪುಗಳು ಒಂದೇ ಬಟ್ಟೆಯ ಮೇಲೆ ಹರಿದಾಡಿದವು.

“ಏಳೂವರೆ ಸೆಂಟಿಮೀಟರ್,” ಎಂದರು ಸರ್ವೇಯರ್. “ಎಡಗಡೆನೂ ಅಷ್ಟೇ, ಬಲಗಡೆನೂ ಅಷ್ಟೇ. ಕೆಂಪು ದಾರಕ್ಕಿಂತ ಮುಂಚಿಂದು ಮಾತ್ರ ಎಡಕ್ಕೆ ಜಾರಿದೆ. ಅದನ್ನ ನೆಯ್ದೋರು ಯಾರು?”

“ನಾನು ಸಾರ್,” ಎಂದಳು ಮಗ್ಗದಕ್ಕ.

“ಓಹೋ,” ಎಂದು ಸರ್ವೇಯರ್ ಜೇಬಿನ ಪುಸ್ತಕ ತೆಗೆದು ಬರೆದುಕೊಂಡರು. ಆ ಬರೆದುಕೊಳ್ಳುವಿಕೆ ಅವಳಿಗೆ ಬಯ್ಗುಳಕ್ಕಿಂತ ಹೆಚ್ಚು ಚುಚ್ಚಿತು.

“ನಿಮ್ಮ ಮನೆ ಇನ್ನೊಂದು ಬೀಗದ ಕೈ ನನ್ನ ಹತ್ರ ಇದೆ ಅಂತ ನನ್ನ ಮೇಲೆ ಅನುಮಾನ ಪಡಬೇಡಿ ಅಕ್ಕ,” ಎಂದಳು ಟೈಲರಮ್ಮ, ಯಾರೂ ಕೇಳದಿದ್ದರೂ. “ನಾನು ಮೆಷಿನ್ ಮೇಲೆ ಬದುಕೋಳು. ನಿಮ್ಮ ಈ ಮಗ್ಗದಲ್ಲಿ ಎಷ್ಟು ದಾರ ಇದೆ ಅಂತ ನೋಡಿದ್ರೇ ನನಗೆ ತಲೆ ಸುತ್ತುತ್ತೆ.”

ಅತ್ತೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಅವರ ಸೆರಗು ಹಿಡಿದು ಚಿಕ್ಕ ಮಗಳು ನಿಂತಿದ್ದಳು. ಎರಡು ವರ್ಷದ ಆ ಮಗುವಿಗೆ ಗೋಂದು ಎಂದೇ ಹೆಸರಾಗಿತ್ತು, ಯಾರಿಗಾದರೂ ಅಂಟಿಕೊಂಡೇ ಇರಬೇಕು. ದಿನಾ ಹತ್ತರಿಂದ ಒಂದರವರೆಗೆ ಅತ್ತೆಗೆ ಅಂಟಿಕೊಂಡಿರುತ್ತಿದ್ದಳು, ಮಗ್ಗದಕ್ಕ ನೆಯ್ಯುತ್ತಿದ್ದದ್ದು ಆ ಹೊತ್ತಿನಲ್ಲೇ. ನೆಯ್ಯುತ್ತಿದ್ದಳು ಎನ್ನುವುದು ದೊಡ್ಡ ಮಾತಾಯಿತು. ಗೋಂದು ಅಳುವವರೆಗೆ, ಹಾಲು ಉಕ್ಕುವವರೆಗೆ, ಗ್ಯಾಸಿನವನು ಬಾಗಿಲು ತಟ್ಟುವವರೆಗೆ ಅಡ್ಡ ನೂಲಿನ ಲಾಳಿ ಆಡಿಸುತ್ತಿದ್ದಳು.

“ಒಂದು ಪ್ರಯೋಗ ಮಾಡೋಣ,” ಎಂದರು ಸರ್ವೇಯರ್. “ಅನುಮಾನ ಇರೋರೆಲ್ಲ ಎರಡೆರಡು ಸಾಲು ನೆಯ್ಯಲಿ. ಯಾರದ್ದು ಇದಕ್ಕೆ ಹೋಲುತ್ತೋ ಅವರೇ.”

ಬೇಡ ಎನ್ನಬೇಕಿತ್ತು. ಮಗ್ಗದಕ್ಕನ ಬಾಯಲ್ಲಿ ಬೇಡ ಎಂಬ ಮಾತು ತಯಾರಾಗಿಯೂ ಇತ್ತು. ಆದರೆ ಕುತೂಹಲ ಅದನ್ನು ಹಿಂದಕ್ಕೆ ತಳ್ಳಿತು. ಗಂಡ ಅಂಗಿಯ ತೋಳು ಮಡಚಿ ಮಗ್ಗದ ಮುಂದೆ ಕೂತ. ಬಲಗಾಲು ಒತ್ತಬೇಕಾದಾಗ ಎರಡೂ ಕಾಲು ಒತ್ತಿದ. ಲಾಳಿಯನ್ನು ಕಾಗದ ಎಸೆದು ರೂಢಿಯಾದ ಕೈಯಿಂದ ಎಸೆದ. ಅದು ಮಗ್ಗದ ಉದ್ದಕ್ಕೆ ಹಾಸಿದ್ದ ಏಳು ಎಳೆಗಳನ್ನು ಕಿತ್ತುಕೊಂಡು ಹೊರಗೆ ಹಾರಿ, ಸರ್ವೇಯರರ ಮೊಣಕಾಲಿಗೆ ಬಡಿದು, ಬೀರುವಿನ ಕೆಳಗೆ ನುಗ್ಗಿತು.

“ನಾನಲ್ಲ ಅಂತ ಈಗಲಾದ್ರೂ ನಂಬ್ತೀಯಾ?” ಎಂದ ಗಂಡ. ಅವನ ಮುಖದಲ್ಲಿ ನಿರ್ದೋಷಿಯ ಸಂತೋಷವಿತ್ತು.

ಲಾಳಿಗಾಗಿ ಎಲ್ಲರೂ ನೆಲಕ್ಕೆ ಬಗ್ಗಿದರು. ಆ ಸಂದಿಯಲ್ಲಿ ಹಿಡಿಸುವ ಕೈ ಗೋಂದುವಿನದು ಮಾತ್ರ. ಅವಳು ಲಾಳಿ ಎಳೆದು ತೆಗೆದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ಆ ಉತ್ಸಾಹದಲ್ಲಿ ಓಡಿಹೋಗಿ ಅದನ್ನು ಬಚ್ಚಲಿನ ಬಕೆಟ್ಟಿಗೆ ಹಾಕಿ ಸ್ನಾನ ಮಾಡಿಸಿದಳು. ಲಾಳಿಯೊಳಗಿನ ನೂಲು ನೆನೆದು ಮುದ್ದೆಯಾಯಿತು. “ನನ್ನನ್ನ ಯಾಕೆ ಪರೀಕ್ಷೆ ಮಾಡ್ತಿಲ್ಲ? ನಾನು ಚಿಕ್ಕೋಳು ಅಂತಾನಾ?” ಎಂದು ಲಾಯರ್ ಮಗ್ಗ ಹತ್ತಿದಳು. ಅವಳನ್ನು ಇಳಿಸುವ ಗಲಾಟೆಯಲ್ಲಿ ಇನ್ನೂ ಎರಡು ಎಳೆ ಹರಿದವು.

ಹನ್ನೊಂದು ಗಂಟೆಗೆ ಮಗ್ಗದಕ್ಕ ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿದಳು. ಹರಿದ ಒಂಬತ್ತು ಎಳೆಗಳಿಗೆ ಗಂಟು ಹಾಕಿ, ಒಂದೊಂದನ್ನೂ ಸಾಲು ಬಡಿದು ಕೂರಿಸುವ ಹಣಿಗೆಯ ಹಲ್ಲುಗಳ ನಡುವೆ ತೂರಿಸಿ, ಹೊಸ ನೂಲು ಸುತ್ತಿಕೊಳ್ಳುವಷ್ಟರಲ್ಲಿ ಎರಡು ಗಂಟೆಯಾಯಿತು. ಇನ್ನು ಬಿಚ್ಚುವ ಮಾತೇ ಇರಲಿಲ್ಲ. ಆ ನಾಲ್ಕು ಬೆರಳು ಅಲ್ಲೇ ಇರಲಿ, ನೀಲಿಯಲ್ಲಿ ನೀಲಿ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಳು. ಇದು ಮೋಸ ಎಂದು ಅವಳಿಗೆ ಗೊತ್ತಿತ್ತು. ಆದರೂ ಲಾಳಿ ಎಸೆದಳು.

“ಅಮ್ಮಾ, ಗೋಂದು ಪೇಪರ್ ತಿಂತಿದ್ದಾಳೆ. ಯಾವ ಪುಟ ಆದ್ರೆ ತೊಂದ್ರೆ ಇಲ್ಲ?”

ಎದ್ದು ಹೋಗಿ ಬಂದಳು.

“ಅಕ್ಕ, ಸುಳಿವು ಸಿಕ್ತಾ?” ಎಂದು ಟೈಲರಮ್ಮ ಕಿಟಕಿಯಿಂದ ಇಣುಕಿದಳು.

ಸಿಕ್ಕಿಲ್ಲ ಎಂದಳು.

“ನೀನು ನೆಯ್ಕೋ, ಮಗೂನ ನಾನು ಹಿಡ್ಕೋತೀನಿ,” ಎಂದು ಕೊನೆಗೆ ಅತ್ತೆ ಗೋಂದುವನ್ನು ಎತ್ತಿಕೊಂಡು ಹೊರಗೆ ಹೋದರು. ಅವರಿಗೆ ನೂರು ವರ್ಷ ಆಯಸ್ಸಿರಲಿ ಎಂದು ಮಗ್ಗದಕ್ಕ ಮನಸ್ಸಿನಲ್ಲೇ ಹಾರೈಸಿದಳು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಕೊನೆಯ ಸಾಲು ಬಿತ್ತು.

ಪರೀಕ್ಷಕಿ ಸರಿಯಾಗಿ ನಾಲ್ಕಕ್ಕೆ ಬಂದರು. ಕುಳ್ಳಗೆ, ತೆಳ್ಳಗೆ, ಕಡಿಮೆ ಮಾತಿನ ಹೆಂಗಸು. ಕೊಟ್ಟ ಟೀ ಮುಟ್ಟಲಿಲ್ಲ. ಬಟ್ಟೆಯನ್ನು ಕಣ್ಣಿನಿಂದ ನೋಡಲೂ ಇಲ್ಲ. ಕಣ್ಣು ಮುಚ್ಚಿಕೊಂಡು ಬೆರಳ ತುದಿಯನ್ನು ಅಂಚಿನಿಂದ ಅಂಚಿಗೆ ಓಡಿಸಿದರು. ಸರ್ವೇಯರ್, ಟೈಲರಮ್ಮ, ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಒಬ್ಬರ ಕೈ ಅಂತ ಬರೆದು ಕೊಟ್ಟಿದ್ದೀರಿ,” ಎಂದರು ಪರೀಕ್ಷಕಿ.

“ಹೌದು ಮೇಡಂ,” ಎಂದಳು ಮಗ್ಗದಕ್ಕ.

“ಇದನ್ನ ಏಳು ಜನ ನೆಯ್ದಿದ್ದಾರೆ.”

ಮಗ್ಗದಕ್ಕ ಇನ್ನೊಬ್ಬರ ಕೈ ಸೇರಿದೆ ಎಂದು ಒಪ್ಪಿಕೊಳ್ಳಲು ತಯಾರಾಗಿದ್ದಳು. ಏಳು ಎಂದದ್ದು ಕೇಳಿ ಹೆದರಿಕೆ ಹೋಗಿ ಮತ್ತೆ ಕುತೂಹಲ ಹುಟ್ಟಿತು. “ಏಳು ಯಾರ್‍ಯಾರು ಮೇಡಂ?”

ಪರೀಕ್ಷಕಿ ಬೆರಳಿಟ್ಟು ತೋರಿಸಿದರು. “ಇಲ್ಲಿ ಒಬ್ಬರು, ಕೈಯಲ್ಲಿ ಶಕ್ತಿನೇ ಇಲ್ಲ.” ಗೋಂದುವಿಗೆ ಜ್ವರ ಬಂದ ವಾರ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೆಯ್ದದ್ದು ಅದು. “ಇಲ್ಲಿ ಇನ್ನೊಬ್ಬರು, ಹಲಗೆ ಥರ ಬಡಿದಿದ್ದಾರೆ, ಕೋಪಿಷ್ಠರು.” ಗಂಡ ಮೂರು ಜನ ಗೆಳೆಯರನ್ನು ಹೇಳದೆ ಕೇಳದೆ ಊಟಕ್ಕೆ ಕರೆತಂದ ದಿನ. “ಇವರು ಅರ್ಧಕ್ಕೇ ಎದ್ದು ಹೋಗಿದ್ದಾರೆ.” ಹಾಲು ಉಕ್ಕಿದ್ದು. “ಇವರಿಗೆ ನಿದ್ದೆ ಬಂದಿತ್ತು.” ಅದು ಯಾವ ದಿನವಾದರೂ ಆಗಬಹುದು. “ಇವರಿಗೆ ಗಮನ ಕಿವಿ ಮೇಲೆ, ಪಕ್ಕದ ಕೋಣೇಲಿ ಏನೋ ಸದ್ದಾಗಿದೆ. ಈ ಕೊನೇದಂತೂ ಯಾರೋ ಪೊಲೀಸರು ಅಟ್ಟಿಸಿಕೊಂಡು ಬಂದವರ ಹಾಗೆ ನೆಯ್ದಿದ್ದಾರೆ.”

“ಮೇಡಂ, ಆ ಆರೂ ಜನ ನಾನೇ,” ಎಂದಳು ಮಗ್ಗದಕ್ಕ. ಹೇಳುವಾಗ ಅವಳಿಗೆ ಅಳು ಬಂತು, ನಗುವೂ ಬಂತು.

ಪರೀಕ್ಷಕಿ ಮೊದಲ ಬಾರಿಗೆ ಅವಳ ಮುಖ ನೋಡಿದರು. ನಂಬಿದರು ಎಂದು ಕಾಣುತ್ತದೆ, ದನಿ ಮೆತ್ತಗಾಯಿತು. “ಇರಬಹುದಮ್ಮ. ಆದ್ರೆ ನಾವು ಬಟ್ಟೆ ನೋಡ್ತೀವಿ, ಮನೆ ನೋಡಲ್ಲ. ಇಷ್ಟು ಜನಕ್ಕೆ ಒಂದು ಮಗ್ಗ ಹೇಗೆ ಕೊಡೋದು?” ಎಂದು ಬೆರಳನ್ನು ಕೆಂಪು ದಾರದ ಮುಂದಿನ ನಾಲ್ಕು ಬೆರಳಿನ ಮೇಲೆ ತಂದು ನಿಲ್ಲಿಸಿದರು. “ಇದು ಮಾತ್ರ ಕೈ. ಒಂದು ಸಾಲಿನಲ್ಲೂ ಬಿಗಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಇವರು ಯಾರು?”

ಸರ್ವೇಯರ್ ಗಂಡನನ್ನು ನೋಡಿದರು, ಗಂಡ ಟೈಲರಮ್ಮನನ್ನು ನೋಡಿದ.

“ನಾನು,” ಎಂದರು ಅತ್ತೆ.

ಗೋಂದುವನ್ನು ಸೊಂಟದಿಂದ ಇಳಿಸಿ, ಸೆರಗು ಸಿಕ್ಕಿಸಿಕೊಂಡು ಅವರು ಮಗ್ಗದ ಮುಂದೆ ಕೂತರು. ಕಾಲಡಿಯ ಪಟ್ಟಿ ತುಳಿದರು, ಲಾಳಿ ಬಿಟ್ಟರು, ಹಣಿಗೆ ಎಳೆದರು. ಮಗ್ಗದಿಂದ ಬಂದ ಸದ್ದು ಆ ಮನೆಯಲ್ಲಿ ಹಿಂದೆಂದೂ ಕೇಳಿರದ ಸದ್ದು. ಒಂದರ ಹಿಂದೆ ಒಂದು, ಅವಸರವಿಲ್ಲದೆ, ನಿಲ್ಲದೆ ಬರುತ್ತಿತ್ತು.

“ಅತ್ತೆ, ನಿಮಗೆ ನೆಯ್ಯೋಕೆ ಬರುತ್ತಾ?”

“ಮದುವೆಗೆ ಮುಂಚೆ ಹನ್ನೊಂದು ವರ್ಷ ನೆಯ್ದಿದ್ದೆ. ನಿನ್ನೆ ಮನೇಲಿ ಯಾರೂ ಇರಲಿಲ್ಲ. ಕೈ ನೆನಪಿಟ್ಟುಕೊಂಡಿದೆಯಾ ನೋಡೋಣ ಅಂತ ಕೂತೆ.”

“ಬೆಳಗ್ಗೆಯಿಂದ ನಾವೆಲ್ಲ ಒದ್ದಾಡ್ತಿದ್ವಲ್ಲ, ಒಂದು ಮಾತು ಹೇಳಬಾರದಿತ್ತಾ?”

“ಎಲ್ಲರನ್ನೂ ಕೇಳಿದ್ರಿ. ಲಾಳಿ ಹಿಡಿಯೋಕೂ ಬರದವನನ್ನೂ ಬಿಡಲಿಲ್ಲ. ನನ್ನನ್ನ ಯಾರು ಕೇಳಿದ್ರು?” ಎಂದರು ಅತ್ತೆ. ದೂರುವ ದನಿಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ.

ಇವರಿಗೆ ಒಂದೂವರೆ ಮೀಟರ್ ಬೇಡ, ಈ ನಾಲ್ಕು ಬೆರಳೇ ಸಾಕು ಎಂದು ಪರೀಕ್ಷಕಿ ಚೀಲದಿಂದ ಅರ್ಜಿ ತೆಗೆದು ಮೊದಲಿನ ಹೆಸರಿನ ಮೇಲೆ ಗೆರೆ ಎಳೆದರು. ಕಿಟಕಿ ಪಕ್ಕದ ಮಗ್ಗ, ದಿನಾ ಹತ್ತರಿಂದ ಒಂದು, ನಾಳೆಯಿಂದಲೇ ಬನ್ನಿ ಎಂದರು. ಅತ್ತೆ ಸಹಿ ಹಾಕಿದರು. ಟೈಲರಮ್ಮ ಕಣ್ಣೊರೆಸಿಕೊಂಡಳು. ಸರ್ವೇಯರ್ ಪುಸ್ತಕದಲ್ಲಿ ‘ಪತ್ತೆಯಾಯಿತು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ಎಲ್ಲರೂ ಹೋದ ಮೇಲೆ ಲಾಯರ್ ಕೇಳಿದಳು, “ಅಪ್ಪಾ, ಹತ್ತರಿಂದ ಒಂದರವರೆಗೆ ಗೋಂದುನ ಇನ್ನು ಯಾರು ನೋಡ್ಕೋತಾರೆ?”

ಗಂಡ ಪೇಪರನ್ನು ಮುಖದವರೆಗೆ ಎತ್ತಿಕೊಂಡ. ಗೋಂದುವಿಗೆ ಉತ್ತರ ಆಗಲೇ ಗೊತ್ತಿತ್ತು. ಅಮ್ಮನ ಕಾಲಿಗೆ ಬಂದು ಅಂಟಿಕೊಂಡಳು.

ಮಗ್ಗದಕ್ಕನಿಗೆ ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಆ ನಾಲ್ಕು ಬೆರಳು ಕಾಡಿತು. ಮಗುವನ್ನು ಎತ್ತಿಕೊಂಡೇ ಹೋಗಿ ಕಣ್ಣು ಮುಚ್ಚಿ ಅದರ ಮೇಲೆ ಕೈಯಾಡಿಸಿದಳು. ತನ್ನ ಸಾಲುಗಳ ಮೇಲೂ ಆಡಿಸಿ ನೋಡಿದಳು.

“ಅತ್ತೆ, ಹಣಿಗೆ ಎಳೆಯೋವಾಗ ಪ್ರತಿ ಸಲ ಅಷ್ಟೇ ಬಲ ಹೇಗೆ ಬೀಳುತ್ತೆ? ನನಗೊಂಚೂರು ಹೇಳಿಕೊಡ್ತೀರಾ?”

ಅತ್ತೆ ಮಾರನೆಯ ದಿನಕ್ಕೆ ಸೀರೆ ಮಡಚಿಡುತ್ತಿದ್ದರು.

“ಹೇಳಿಕೊಡದೆ ಏನಮ್ಮ? ಆದ್ರೆ ಇನ್ಮೇಲೆ ನನಗೂ ಪುರುಸೊತ್ತು ಸಿಗಬೇಕಲ್ಲ,” ಎಂದರು.