ಕಿಟಕಿ ಕಡೆಯ ಕೆನ್ನೆ

ಮದುವೆಯಾಗಿ ಮೂವತ್ತೊಂದು ವರ್ಷವಾಯಿತು. 'ನಿಮಗೆ ತೃಪ್ತಿಯಾಗಿದೆಯಾ?' ಎಂದು ಇಷ್ಟು ದಿನ ಯಾರೂ ನನ್ನನ್ನು ಕೇಳಿದ್ದಿಲ್ಲ. ಹೆಂಡತಿ ಕೇಳಿಲ್ಲ. ನಾನು ದುಡಿಯುವ ಡ್ರೈವಿಂಗ್ ಸ್ಕೂಲಿನ ಯಜಮಾನನಂತೂ ಕನಸಿನಲ್ಲೂ ಕೇಳಿಲ್ಲ. ಕೊನೆಗೆ ಕೇಳಿದ್ದು ಚರ್ಮದ ಆಸ್ಪತ್ರೆಯ ನರ್ಸಮ್ಮ, ಅದೂ ಫೋನಿನಲ್ಲಿ, ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ ಎಂದು. ಆ ಭಾಗ್ಯವನ್ನೂ ನನ್ನವಳು ಕಿತ್ತುಕೊಂಡಳು.

ಇಪ್ಪತ್ತಾರು ವರ್ಷದಿಂದ ಕಾರು ಕಲಿಯುವವರ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತವನು ನಾನು. ಸೂರ್ಯಮಹಾಶಯ ಕಿಟಕಿ ಕಡೆಯ ಕೆನ್ನೆಯೊಂದರ ಮೇಲೇ ಕೃಪೆ ತೋರಿ ನಾಲ್ಕು ಒರಟು ಮಚ್ಚೆಗಳನ್ನು ದಯಪಾಲಿಸಿದ್ದ. ಡಾಕ್ಟರು ಬೆರಳಾಡಿಸಿ ನೋಡಿದರು.

"ಇದು ಕ್ಯಾನ್ಸರ್ ಅಲ್ಲ. ಆದ್ರೆ ಹಾಗೇ ಬಿಟ್ರೆ ಮುಂದೆ ಆಗಲ್ಲ ಅಂತ ಹೇಳೋಕಾಗಲ್ಲ. ನಾಲ್ಕು ವಾರ, ದಿನಕ್ಕೆರಡು ಸಲ ಈ ಕ್ರೀಮು ಹಚ್ಚಿ. ಕೆಂಪಾಗುತ್ತೆ, ಉರಿಯುತ್ತೆ, ಹಕ್ಕಳೆ ಕಟ್ಟುತ್ತೆ. ಹೆದರ್ಬೇಡಿ, ಔಷಧಿ ಕೆಲಸ ಮಾಡ್ತಿದೆ ಅಂತ ಅರ್ಥ."

ಮನೆಯಲ್ಲಿ ನನ್ನವಳು ಕೈಗವಸು ತೊಟ್ಟು, ನನ್ನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಹಚ್ಚಿದಳು.

"ಇನ್ನು ಇಪ್ಪತ್ತು ನಿಮಿಷ ಬಾಯಿ ತೆರೀಬಾರ್ದು. ಕೆನ್ನೆ ಅಲ್ಲಾಡಿದ್ರೆ ಔಷಧಿ ಹಿಡಿಯಲ್ಲವಂತೆ. ನೀವು ಕಾರು ತೆಗೆಯೋಕೆ ಹೋದಾಗ ಡಾಕ್ಟರು ಹೇಳಿದ್ರು."

ನಾನು ನಂಬಿದೆ. (ನಂಬದೆ ಇರಲು ಬಾಯಿ ಬೇಕಲ್ಲ!) ಆ ಇಪ್ಪತ್ತು ನಿಮಿಷದಲ್ಲಿ ಅವಳು ಸೋರುವ ನಲ್ಲಿಯಿಂದ ಶುರು ಮಾಡಿ, ನಮ್ಮಕ್ಕ ಹನ್ನೆರಡು ವರ್ಷದ ಹಿಂದೆ ಆಡಿದ ಒಂದು ಮಾತನ್ನು ಹಾದು, ಮತ್ತೆ ನಲ್ಲಿಗೇ ಬರುತ್ತಿದ್ದಳು. ನಾನು ಹುಬ್ಬಿನಲ್ಲೇ ಪ್ರತಿಭಟಿಸುತ್ತಿದ್ದೆ. ಹುಬ್ಬಿನ ಭಾಷೆ ಅವಳಿಗೆ ಬರುವುದಿಲ್ಲ.

ಎರಡನೆಯ ವಾರಕ್ಕೆ ಕೆನ್ನೆ ಕೆಂಡವಾಯಿತು. ಮೂರನೆಯ ವಾರ, ಕಾರು ಕಲಿಯಲು ಬಂದಿದ್ದ ಟೀಚರೊಬ್ಬರು ರಸ್ತೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಾ ಕಸದ ತೊಟ್ಟಿಗೆ ಗುದ್ದಿದರು. "ಸ್ವಲ್ಪ ದಿನ ಆಫೀಸಲ್ಲೇ ಕೂತಿರಿ ಸಾರ್" ಎಂದ ಯಜಮಾನ. ಸಾಕಪ್ಪಾ ಸಾಕು ಎನಿಸಿತು. ಆ ಸೋಮವಾರ ಮನೆಗೆ, ವಾರವಾರವೂ ಚಿಕಿತ್ಸೆಗೆ ಅಂಕ ಕೇಳುವ ನರ್ಸಮ್ಮನ ಫೋನು ಬಂದಾಗ, ಎಂದಿನಂತೆ ಎತ್ತಿದ್ದು ನನ್ನವಳೇ.

"ಹತ್ತಕ್ಕೆ ಹತ್ತು ಬರ್ಕೊಳ್ಳಿ! ತುಂಬಾ ತೃಪ್ತಿ!"

"ಅಲ್ಲ ಕಣೇ, ಉರೀತಿರೋದು ನನ್ನ ಕೆನ್ನೆ!"

"ಹಚ್ತಿರೋಳು ನಾನಲ್ವಾ?"

"ನಾಳೆಯಿಂದ ಹಚ್ಚೋದೂ ಬೇಡ, ಉರಿಯೋದೂ ಬೇಡ. ನಿಲ್ಲಿಸ್ತೀನಿ."

ಅವಳು ಟ್ಯೂಬನ್ನು ಮೇಜಿನ ಮೇಲಿಟ್ಟಳು. ದನಿ ಇಳಿಯಿತು. "ನಮ್ಮಣ್ಣನೂ ಹೀಗೇ ಏನಾಗಲ್ಲ ಬಿಡು ಅಂತಿದ್ದ. ಕೊನೆಗೆ ಅರ್ಧ ಕಿವಿ ಕತ್ತರಿಸ್ಬೇಕಾಯ್ತು. ನಂಗೆ ಭಯ ಆಗುತ್ತೆ ರೀ."

ನನಗೂ ಒಂದು ಥರವಾಯಿತು, ಮತ್ತೆ ಸ್ಟೂಲಿನ ಮೇಲೆ ಕೂತು ಹಚ್ಚಿಸಿಕೊಂಡೆ. ಆದರೆ ಕೆನ್ನೆಗೆ ಕರುಳಿಲ್ಲ ನೋಡಿ, ಅದು ಉರಿಯುತ್ತಲೇ ಇತ್ತು. ಮರುದಿನ ಗುಟ್ಟಾಗಿ ಆಸ್ಪತ್ರೆಗೆ ನನ್ನ ಮೊಬೈಲ್ ನಂಬರು ಕೊಟ್ಟೆ. ಮುಂದಿನ ಸೋಮವಾರ ಫೋನು ನನಗೇ ಬಂತು.

"ಸೊನ್ನೆ!" ಎಂದೆ, ಆಫೀಸಿನ ಬಾಗಿಲು ಹಾಕಿಕೊಂಡು. "ದೊಡ್ಡದಾಗಿ ಬರೀರಿ. ನಾನು ನಿಲ್ಲಿಸ್ತಿದ್ದೀನಿ."

"ಹಾಗಾದ್ರೆ ನಾಳೆನೇ ಡಾಕ್ಟರನ್ನ ನೋಡಿ. ಮನೆಯವರನ್ನೂ ಕರ್ಕೊಂಡು ಬನ್ನಿ" ಎಂದರು ನರ್ಸಮ್ಮ.

ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ ಖುಷಿಪಟ್ಟರು. "ನಾಲ್ಕೂ ಹೋಗ್ತಿವೆ. ಇನ್ನೈದು ದಿನ ಅಷ್ಟೇ. ಆದ್ರೆ ಇದೇನು? ಇವರು ಪ್ರತಿ ವಾರ ಹತ್ತು ಕೊಟ್ಟಿದ್ದಾರೆ, ನೀವು ಸೊನ್ನೆ. ಕೆನ್ನೆ ಒಂದೇ ತಾನೆ?"

"ಉರಿ ಹೇಗೋ ತಡ್ಕೊಂಡೆ ಡಾಕ್ಟ್ರೇ. ದಿನಕ್ಕೆರಡು ಸಲ ಇಪ್ಪತ್ತು ನಿಮಿಷ ಬಾಯಿ ಮುಚ್ಕೊಂಡಿರಿ ಅಂದ್ರಲ್ಲ, ಅದನ್ನ ತಡ್ಕೊಳ್ಳೋಕಾಗಲ್ಲ."

"ಬಾಯಿ ಮುಚ್ಕೊಂಡಿರೋದಾ? ನಾನ್ಯಾವಾಗ ಹೇಳ್ದೆ?"

ನಾನು ನನ್ನವಳತ್ತ ತಿರುಗಿದೆ. ಅವಳು ಫ್ಯಾನು ನೋಡುತ್ತಿದ್ದಳು.

"ಏನ್ಮಾಡ್ಲಿ ಡಾಕ್ಟ್ರೇ" ಎಂದಳು ಫ್ಯಾನಿಗೇ. "ಮೂವತ್ತೊಂದು ವರ್ಷದಲ್ಲಿ ನಾನು ಹೇಳಿದ್ದನ್ನ ಇವರು ಪೂರ್ತಿ ಕೇಳಿಸ್ಕೊಂಡಿದ್ದು ಈ ಮೂರು ವಾರದಲ್ಲೇ."

ನರ್ಸಮ್ಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಸಾರ್, ಏನೂ ಆಗದಿರೋ ಗಂಡಂದಿರಿಗೂ ಇದನ್ನ ಹಚ್ಬಹುದಾ?"

ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ನನ್ನ ಹಣೆ ಮುಟ್ಟಿದವರು ನಗು ನಿಲ್ಲಿಸಿದರು. "ಇಲ್ಲೂ ಒರಟಾಗಿದೆಯಲ್ಲ. ಹಣೆಗೂ ನಾಲ್ಕು ವಾರ ಹಚ್ಚಿದ್ರೆ ಒಳ್ಳೇದು. ಬಲವಂತ ಇಲ್ಲ, ಈ ಸಲ ನೀವೇ ಹೇಳಿ."

ಅಬ್ಬಾ! ಕೊನೆಗೂ ನನ್ನನ್ನೇ ಕೇಳಿದರು! ಗಂಟಲು ಸರಿಮಾಡಿಕೊಂಡು, ಇಷ್ಟು ದಿನ ಕಟ್ಟಿಟ್ಟುಕೊಂಡಿದ್ದ ಭಾಷಣಕ್ಕೆ ಸಿದ್ಧನಾದೆ. ಅಷ್ಟರಲ್ಲಿ ನನ್ನವಳ ಮುಖ ಕಣ್ಣಿಗೆ ಬಿತ್ತು. ಬಿಳಿಚಿಕೊಂಡಿದ್ದಳು. ನನ್ನ ಹಣೆಯನ್ನೇ ನೋಡುತ್ತಾ ಕೈಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಭಾಷಣವನ್ನು ಮಡಿಚಿಟ್ಟೆ.

"ಹಚ್ಚಲಿ ಬಿಡಿ" ಎಂದೆ, ಸುಸ್ತಾಗಿ.

"ಹಾಗಾದ್ರೆ ಈ ವಾರದ ಅಂಕ ಏನಂತ ಬರ್ಕೊಳ್ಲಿ?" ನರ್ಸಮ್ಮ ಕೇಳಿದ್ದು ನನ್ನನ್ನೇ. ನಾನು ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ "ಹತ್ತು" ಎಂದಳು ನನ್ನವಳು. ನರ್ಸಮ್ಮನಿಗೆ ಹಳೆಯ ಅಂಕ ಹೊಡೆದುಹಾಕುವ ಕಷ್ಟವೂ ಇರಲಿಲ್ಲ. ನನ್ನ ಸೊನ್ನೆಯ ಎಡಕ್ಕೆ ನೆಟ್ಟಗೆ ಒಂದು ಗೀಟು ಎಳೆದರು, ಅಷ್ಟೇ.