ಹವಾಮಾನ ಕಚೇರಿಯ ಸ್ಟೂಲು

ಹವಾಮಾನ ಕಚೇರಿಯ ಗೋಡೆಗೆ ಅಂಟಿಸಿದ್ದ ಸಾಮಾನುಗಳ ಪಟ್ಟಿಯಲ್ಲಿ ಹನ್ನೊಂದನೆಯ ಸಾಲು 'ಸ್ಟೂಲು, ಮರದ್ದು, ಒಂದು' ಎಂದಿತ್ತು. ಇಪ್ಪತ್ತೆರಡು ವರ್ಷಗಳಿಂದ ಆ ಸಾಲನ್ನು ಯಾರೂ ಓದಿರಲಿಲ್ಲ. ಆ ದಿನ ಬೆಳಿಗ್ಗೆ ಎಂಟೂಕಾಲಿಗೆ ವಕೀಲರು ಓದಿದರು.

ವಕೀಲರು ಅಲ್ಲಿಗೆ ಬಂದದ್ದು ಸ್ಟೂಲು ಹುಡುಕಿಕೊಂಡಲ್ಲ. ಅಂದು ಸಂಜೆ ಆರಕ್ಕೆ ವಾಚನಾಲಯದ ಸಭಾಂಗಣದಲ್ಲಿ 'ಭೂಮಿ ಬಿಸಿಯಾಗುತ್ತಿರುವುದಕ್ಕೆ ಮನುಷ್ಯ ಕಾರಣನೇ?' ಎಂಬ ಚರ್ಚೆಯಿತ್ತು. ಮೂರು ತಿಂಗಳಿಂದ ಊರು ಇದೇ ವಿಷಯಕ್ಕೆ ಎರಡು ಹೋಳಾಗಿತ್ತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರು, ಪಕ್ಕದ ಕುರ್ಚಿಯವನ ವಾದ ಕೇಳಲಾರದೆ ಇನ್ನರ್ಧ ಗಡ್ಡದೊಂದಿಗೆ ಎದ್ದುಹೋದದ್ದುಂಟು. ಕಾರಣನಲ್ಲ ಎನ್ನುವವರ ಪರವಾಗಿ ಮಾತಾಡುವವರು ವಕೀಲರು. ಕಾರಣನೇ ಎನ್ನುವವರ ಪರವಾಗಿ ಪ್ರೌಢಶಾಲೆಯ ವಿಜ್ಞಾನದ ಟೀಚರು. ಇಬ್ಬರಿಗೂ ಬೇಕಾಗಿದ್ದ ಪುಸ್ತಕ ಮಾತ್ರ ಒಂದೇ, ಹವಾಮಾನ ಕಚೇರಿಯ ರಿಜಿಸ್ಟರು.

ಆ ರಿಜಿಸ್ಟರು ಬರೆಯುವವನಿಗೆ ಊರು ಇಟ್ಟ ಹೆಸರು ಪಾದರಸ. ಸ್ವಭಾವದಲ್ಲಿ ಅವನು ಹರಳೆಣ್ಣೆ. ಸುರಿದರೂ ನಿಧಾನಕ್ಕೇ ಬೀಳುವವನು. ಆದರೆ ದಿನಕ್ಕೆ ಎರಡು ಸಲ, ಬೆಳಿಗ್ಗೆ ಎಂಟೂವರೆಗೆ ಮತ್ತು ಸಂಜೆ ಐದೂವರೆಗೆ, ಅಂಗಳದ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು ಉಷ್ಣಮಾಪಕ ಓದುವುದನ್ನು ಅವನು ಒಮ್ಮೆಯೂ ತಪ್ಪಿಸಿರಲಿಲ್ಲ. ಮದುವೆಯ ದಿನವೂ ಬಂದು ಓದಿಹೋಗಿದ್ದ. ಮಾವನ ಮನೆಯವರು ಮದುಮಗ ಓಡಿಹೋದನೆಂದು ಅರ್ಧ ಗಂಟೆ ಹುಡುಕಿದ್ದರು. ಓದಿದ್ದನ್ನು ರಿಜಿಸ್ಟರಿನಲ್ಲಿ ಬರೆದು, ಗೇಟಿನ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯುತ್ತಿದ್ದ. ಮನೆಯಲ್ಲಿ ಅವನ ಮಾತನ್ನು ಹೆಂಡತಿ ತಿದ್ದುತ್ತಿದ್ದಳು, ಹೊರಗೆ ಯಾರು ಬೇಕಾದರೂ ತಿದ್ದುತ್ತಿದ್ದರು. ತಿದ್ದದೆ ಉಳಿದದ್ದು ಈ ಅಂಕಿಗಳು ಮಾತ್ರ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನ್ನು ಸಭೆಯಲ್ಲಿ ಓದಿ ಹೇಳುವವರಿದ್ದರು. ಮುಂದಿನ ಸಾಲಿನಲ್ಲಿ ಕೂರಬೇಕೆಂದು ಕರೆ ಬಂದಿತ್ತು. ಅದಕ್ಕಾಗಿ ಒಂದು ಅಂಗಿಗೆ ಇಸ್ತ್ರಿಯೂ ಆಗಿತ್ತು.

"ಏನ್ರೀ ಪಾದರಸ, ಓದೋದು ಹೇಗೆ ಅಂತ ಸ್ವಲ್ಪ ನೋಡೋಣ," ಎಂದು ವಕೀಲರು ಅವನ ಹಿಂದೆಯೇ ಅಂಗಳಕ್ಕೆ ಬಂದರು.

ಪಾದರಸ ಖುಷಿಯಿಂದ ತೋರಿಸಿದ. ಪೆಟ್ಟಿಗೆ ನಾಲ್ಕು ಕಾಲುಗಳ ಮೇಲೆ ಎತ್ತರದಲ್ಲಿತ್ತು. ಪಾದರಸ ಬೂಟು ಹಾಕಿಕೊಂಡರೆ ಐದಡಿ. ಅವನು ತುದಿಗಾಲಲ್ಲಿ ನಿಂತು, ಗದ್ದ ಎತ್ತಿ, ಪಕ್ಕದ ಮನೆಯ ಕಾಂಪೌಂಡಿನಾಚೆ ಇಣುಕುವವನ ಹಾಗೆ ಕತ್ತು ಚಾಚಿ ಓದಿದ.

"ಇಪ್ಪತ್ತೇಳು ಪಾಯಿಂಟ್ ಒಂದು."

"ದಿನಾ ಹೀಗೇನಾ ನೋಡೋದು?"

"ದಿನಾ ಹೀಗೇ ಸಾರ್. ಒಂದು ದಿನಾನೂ ತಪ್ಪಿಸಿಲ್ಲ."

"ಭೇಷ್. ನಿಮಗಿಂತ ಮುಂಚೆ ಇದ್ದೋರು ದೀಪದ ಕಂಬ ಅಲ್ವಾ?"

ಹಳೆಯ ವೀಕ್ಷಕರನ್ನು ಊರು ದೀಪದ ಕಂಬ ಎಂದೇ ಕರೆಯುತ್ತಿತ್ತು. ಆರೂಕಾಲು ಅಡಿ ಎತ್ತರ. ಎಂಬತ್ತು ದಾಟಿದರೂ ನೆಟ್ಟಗೇ ಇದ್ದರು.

"ಹೌದು ಸಾರ್. ಪಾಪ, ಅವರು ಪೆಟ್ಟಿಗೆ ಮೇಲಿಂದಾನೇ ನೋಡೋರು."

ವಕೀಲರ ಮುಖದಲ್ಲಿ, ಕಳೆದುಹೋದ ಕಾಗದ ಸಿಕ್ಕವರ ನೆಮ್ಮದಿ ಮೂಡಿತು. ಒಳಗೆ ಬಂದು ಗೋಡೆಯ ಪಟ್ಟಿಯ ಮೇಲೆ ಬೆರಳಿಟ್ಟರು. "ಕಣ್ಣಿನ ಮಟ್ಟಕ್ಕೆ ನಿಂತು ಓದ್ಲಿ ಅಂತ ಸರ್ಕಾರ ಸ್ಟೂಲು ಕೊಟ್ಟಿದೆ. ಎಲ್ಲಿ ಅದು?"

ಪಾದರಸನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅಭ್ಯಾಸವಿದ್ದವರು ಪರಿಶೀಲಿಸಲಾಗದ್ದನ್ನು ಹೇಳುತ್ತಾರೆ. ಅವನು ಹೇಳಿದ್ದು: "ರಿಪೇರಿಗೆ ಬಡಗಿ ಹತ್ರ ಕೊಟ್ಟಿದೀನಿ."

"ಹಾಗಾದ್ರೆ ಅಲ್ಲೇ ಹೋಗಿ ನೋಡ್ಕೋತೀನಿ," ಎಂದು ವಕೀಲರು ಹೊರಟರು.

ಪಾದರಸ ಮನೆಗೆ ಓಡಿದ. ಕೆಲಸ, ಮದುವೆ ಎರಡೂ ಒಂದೇ ವಾರದಲ್ಲಿ ಆಗಿದ್ದವು. ಆ ವಾರವೇ, ಅಡುಗೆಮನೆಯ ಮೇಲಿನ ಕಪಾಟು ಹೆಂಡತಿಗೆ ಎಟುಕುವುದಿಲ್ಲವೆಂದು ನಾಲ್ಕು ದಿನದ ಮಟ್ಟಿಗೆ ಸ್ಟೂಲನ್ನು ಮನೆಗೆ ತಂದಿದ್ದ. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಈಗ ಹೆಂಡತಿ ಅದರ ಮೇಲೆ ಕೂತು ಹೊಲಿಗೆ ಮಿಷನ್ನು ತುಳಿಯುತ್ತಿದ್ದಳು.

"ಏಳೇ, ಸ್ಟೂಲು ಬೇಕು."

"ಮೂರು ರವಿಕೆ ಮಧ್ಯಾಹ್ನದೊಳಗೆ ಕೊಡ್ಬೇಕು. ನಿಮಗ್ಯಾಕೆ ಈಗ ಸ್ಟೂಲು?"

"ಅದರ ಮೇಲೆ ನಿಂತು ಓದ್ಬೇಕಾಗಿತ್ತಂತೆ."

"ಇಪ್ಪತ್ತೆರಡು ವರ್ಷ ನೆಲದ ಮೇಲೆ ನಿಂತು ಓದಿದ್ರಲ್ಲ, ಭೂಮಿ ಏನು ಮುಳುಗಿ ಹೋಯ್ತಾ?"

"ಅದೇ ಸಂಜೆ ಚರ್ಚೆ ಇರೋದು," ಎಂದ ಪಾದರಸ.

ಅವಳು ಗೊಣಗುತ್ತ ಎದ್ದಳು. ಅವನು ಸ್ಟೂಲನ್ನು ಎತ್ತಿ ನೋಡಿ ಅಲ್ಲೇ ಕುಸಿದು ಅದರ ಮೇಲೇ ಕೂತ. ನಾಲ್ಕು ಕಾಲೂ ಒಂದೊಂದು ಗೇಣು ಮೋಟಾಗಿದ್ದವು.

"ಮಿಷನ್ನಿಗೆ ಎತ್ತರ ಆಗ್ತಿತ್ತು ರೀ. ಐದು ವರ್ಷ ಆಯ್ತು, ಬಡಗಿ ಹತ್ರ ಕೊಯ್ಸಿದ್ದೆ. ನೀವು ಇವತ್ತು ನೋಡ್ತಿದೀರಾ? ದಿನಾ ಡಿಗ್ರಿ ನೋಡೋ ಕಣ್ಣು."

ಅಷ್ಟು ಹೊತ್ತಿಗೆ ವಕೀಲರು ಅದೇ ಬಡಗಿಯ ಅಂಗಡಿಯಲ್ಲಿದ್ದರು. ಬಡಗಿ ಯಾವುದನ್ನೂ ಎಸೆಯುವವನಲ್ಲ. "ಈಗೇನೂ ಬಂದಿಲ್ಲ ಸ್ವಾಮಿ. ಐದು ವರ್ಷದ ಹಿಂದೆ ಬಂದಿತ್ತು, ಕಾಲು ಕಳ್ಕೊಂಡು ಹೋಯ್ತು," ಎಂದು ಮೂಲೆಯ ರಾಶಿಯಿಂದ ನಾಲ್ಕು ತುಂಡು ತೆಗೆದು, ದೂಳು ಒರೆಸಿ, ಕಾಗದದಲ್ಲಿ ಸುತ್ತಿಕೊಟ್ಟ.

ಮಧ್ಯಾಹ್ನ ಟೀಚರು ರಿಜಿಸ್ಟರಿನ ಕೊನೆಯ ಅಂಕಿಗಳನ್ನು ಬರೆದುಕೊಳ್ಳಲು ಕಚೇರಿಗೆ ಬಂದಾಗ ಪಾದರಸ ಎಲ್ಲವನ್ನೂ ಹೇಳಿಬಿಟ್ಟ. ಟೀಚರು ಪೆನ್ನಿನ ಮುಚ್ಚಳ ಹಾಕಿದರು.

"ಸಾರ್, ನಿಮ್ಮ ಕಾಲದ ಸರಾಸರಿ ಹಳಬರ ಕಾಲದ್ದಕ್ಕಿಂತ ಪಾಯಿಂಟ್ ಎಂಟು ಜಾಸ್ತಿ ಇದೆ. ಅದರ ಮೇಲೇ ನನ್ನ ಭಾಷಣ ಶುರುವಾಗೋದು."

"ಬೇರೆ ಸಾಕ್ಷಿ ಇಲ್ವಾ ಮೇಡಂ?"

"ರಾಶಿ ಇದೆ. ಸಾವಿರಾರು ಕಡೆ ಅಳೆದಿದಾರೆ, ಕರಗಿದ ಹಿಮ ಇದೆ, ನಾವು ಬಿಡೋ ಹೊಗೆ ಲೆಕ್ಕ ಇದೆ. ಆದ್ರೆ ನಮ್ಮ ಜನ ದೂರದ್ದನ್ನ ನಂಬಲ್ಲ ಸಾರ್. ನಿಮ್ಮ ಕಪ್ಪು ಹಲಗೆನ ನಂಬ್ತಾರೆ."

ಆ ಮಾತು ಬೇರೆ ದಿನ ಬಂದಿದ್ದರೆ ಪಾದರಸ ಅದನ್ನು ವರ್ಷಗಟ್ಟಲೆ ಜೋಪಾನ ಮಾಡುತ್ತಿದ್ದ. ಅವತ್ತು ಅದು ಬೂಟಿನೊಳಗಿನ ಕಲ್ಲಿನ ಹಾಗೆ ಒತ್ತಿತು. ಸಂಜೆ ಐದೂವರೆಯ ಅಂಕಿಯನ್ನು ಅವನು ಓದಿದ, ಬರೆದ, ಬರೆದದ್ದನ್ನೇ ಬಹಳ ಹೊತ್ತು ನೋಡಿದ.

ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೀಚರು ಮೊದಲು ಮಾತಾಡಿದರು. ಹೊಗೆ, ಕಲ್ಲಿದ್ದಲು, ಹಿಮ ಎಲ್ಲವನ್ನೂ ಹೇಳಿದರು. ಜನ ಗೌರವದಿಂದ ಆಕಳಿಸಿದರು. ಆಮೇಲೆ ವಕೀಲರು ಎದ್ದು, ಮೇಜಿನ ಮೇಲೆ ನಾಲ್ಕು ಮರದ ತುಂಡುಗಳನ್ನು ಸಾಲಾಗಿ ನಿಲ್ಲಿಸಿದರು. ಆಕಳಿಕೆ ನಿಂತಿತು.

"ಭೂಮಿ ಬಿಸಿಯಾಗೋದಕ್ಕೆ ಮನುಷ್ಯ ಕಾರಣ ಅಂದ್ರು. ನಾನೂ ಒಪ್ತೀನಿ. ಆ ಮನುಷ್ಯ ಮುಂದಿನ ಸಾಲಲ್ಲೇ ಕೂತಿದಾನೆ. ಇಸ್ತ್ರಿ ಅಂಗಿ ಹಾಕ್ಕೊಂಡು."

ನಗು ಅಲೆಯಲೆಯಾಗಿ ಹಿಂದಿನ ಗೋಡೆಯವರೆಗೂ ಹೋಗಿ ಬಂತು. ವಕೀಲರು ದೀಪದ ಕಂಬವನ್ನೂ ಪಾದರಸನನ್ನೂ ವೇದಿಕೆಗೆ ಕರೆದು ಪಕ್ಕಪಕ್ಕದಲ್ಲಿ ನಿಲ್ಲಿಸಿದರು. ಪಾದರಸನ ತಲೆ ಹಿರಿಯರ ಅಂಗಿಯ ಮೂರನೆಯ ಗುಂಡಿಗೆ ಬಂತು.

"ಮೇಲೆ ನಿಂತು ನೋಡಿದ್ರೆ ಎಲ್ಲಾ ಕೆಳಗೆ ಕಾಣುತ್ತೆ. ಕೆಳಗೆ ನಿಂತು ನೋಡಿದ್ರೆ ಎಲ್ಲಾ ಎತ್ತರ ಕಾಣುತ್ತೆ. ಇವರು ಕಡಿಮೆ ಬರೆದ್ರು, ಇವರು ಜಾಸ್ತಿ ಬರೆದ್ರು. ಏರಿದ್ದು ಬಿಸಿ ಅಲ್ಲ ಸ್ವಾಮಿ, ಇಳಿದದ್ದು ವೀಕ್ಷಕರ ಎತ್ತರ."

ಚಪ್ಪಾಳೆಗೆ ಕಿಟಕಿಗಳು ನಡುಗಿದವು. ಮಹಿಳೆಯರ ಸಾಲಿನಲ್ಲಿ ಪಾದರಸನ ಹೆಂಡತಿ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಟೀಚರು ತಲೆತಗ್ಗಿಸಿ ಕಾಗದದ ಮೇಲೆ ಏನನ್ನೋ ಗೀಚುತ್ತಿದ್ದರು. ಪಾದರಸನಿಗೆ ಎಂಟೂವರೆ, ಐದೂವರೆಗಳೆಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಜ್ವರದಲ್ಲಿ ಕಂಬಳಿ ಹೊದ್ದು ಬಂದದ್ದು, ಮಳೆಯಲ್ಲಿ ಕೊಡೆ ಹಾರಿಹೋದದ್ದು, ಮದುವೆಯ ದಿನ. ಅಷ್ಟೂ ದಿನ ತಪ್ಪದೆ ಹೋದದ್ದು ತಪ್ಪು ಬರೆಯಲಿಕ್ಕೇ ಎಂಬಂತಾಗಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ವಕೀಲರು ಗೆದ್ದಿದ್ದರು. ಆದರೆ ಗೆದ್ದವರಿಗೆ ಇನ್ನೊಂದು ಸಲ ಗೆಲ್ಲುವ ಆಸೆ ಬಿಡುವುದಿಲ್ಲ.

"ನಾನು ಬರೀ ಬಾಯಿ ಮಾತಿನೋನಲ್ಲ," ಎಂದು ಅವರು ಚೀಲದಿಂದ ಒಂದು ಉಷ್ಣಮಾಪಕ ತೆಗೆದು, ಪೆಟ್ಟಿಗೆಯಲ್ಲಿರುವಷ್ಟೇ ಎತ್ತರಕ್ಕೆ ವೇದಿಕೆಯ ಕಂಬದ ಮೊಳೆಗೆ ತೂಗುಹಾಕಿದರು. "ಪಾದರಸ, ಓದ್ರೀ."

ಅವನು ತುದಿಗಾಲಲ್ಲಿ ನಿಂತ. "ಇಪ್ಪತ್ತೊಂಬತ್ತು ಪಾಯಿಂಟ್ ಎರಡು."

"ಈಗ ಈ ಕುರ್ಚಿ ಹತ್ತಿ, ಕಣ್ಣಿನ ಮಟ್ಟಕ್ಕೆ ನೋಡಿ. ಎಷ್ಟು ಇಳೀತು ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ."

ಪಾದರಸ ಹತ್ತಿದ. ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. "ಇಪ್ಪತ್ತೊಂಬತ್ತು ಪಾಯಿಂಟ್ ಆರು."

"ಇಳಿದಿದೆ ಅಲ್ವಾ?"

"ಇಲ್ಲ ಸಾರ್. ಏರಿದೆ."

ಸಭೆ ಗುಸುಗುಟ್ಟಿತು. ವಕೀಲರು ಕೈಯೆತ್ತಿದರು. "ಇಷ್ಟು ಜನ ಬಾಗಿಲು ಹಾಕ್ಕೊಂಡು ಉಸಿರು ಬಿಡ್ತಿದೀರಿ, ಅದಕ್ಕೇ ಈ ಐದು ನಿಮಿಷದಲ್ಲಿ ಹಾಲ್ ಬಿಸಿಯಾಗಿದೆ."

"ಜನರಿಂದ ಬಿಸಿಯಾಗುತ್ತೆ ಅಂತ ವಕೀಲರು ಒಪ್ಕೊಂಡ್ರು, ದಯವಿಟ್ಟು ಬರ್ಕೊಳ್ಳಿ," ಎಂದರು ಟೀಚರು, ತಲೆ ಎತ್ತದೆಯೇ.

ಪಾದರಸನನ್ನು ಇಳಿಸಿದರು, ಪಾಯಿಂಟ್ ಎರಡು. ಹತ್ತಿಸಿದರು, ಪಾಯಿಂಟ್ ಆರು. ಮೂರು ಸಲ ಇಳಿದು ಹತ್ತಿ ಅವನ ಅಂಗಿಯ ಇಸ್ತ್ರಿ ಹೋಯಿತು. ಕೊನೆಗೆ ದೀಪದ ಕಂಬವನ್ನು ಓದಲು ಹೇಳಿದರು. ಹಿರಿಯರು ನೆಟ್ಟಗೆ ನಿಂತು ಮೇಲಿನಿಂದ ನೋಡಿ, "ಮೂವತ್ತು," ಎಂದರು.

ಟೀಚರು ಎದ್ದು ಬಂದರು. "ಗುರುತುಗಳು ಇರೋದು ಗಾಜಿನ ಮುಂಭಾಗದಲ್ಲಿ, ಪಾದರಸ ಇರೋದು ಒಳಗೆ. ಕೆಳಗಿಂದ ನೋಡಿದ್ರೆ ಅದು ಕೆಳಗಿನ ಗುರುತಿಗೆ ಕೂಡುತ್ತೆ, ಮೇಲಿಂದ ನೋಡಿದ್ರೆ ಮೇಲಿನದಕ್ಕೆ. ವಕೀಲರು ಉಲ್ಟಾ ತಿಳ್ಕೊಂಡ್ರು. ಹಿರಿಯರು ಪಾಯಿಂಟ್ ನಾಲ್ಕು ಜಾಸ್ತಿ ಬರೆದಿದಾರೆ, ಇವರು ಪಾಯಿಂಟ್ ನಾಲ್ಕು ಕಡಿಮೆ ಬರೆದಿದಾರೆ. ನಮ್ಮ ಊರು ಬಿಸಿಯಾಗಿರೋದು ಪಾಯಿಂಟ್ ಎಂಟಲ್ಲ. ಒಂದು ಪಾಯಿಂಟ್ ಆರು. ಎರಡರಷ್ಟು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಟೀಚರ ಕಡೆಯವರೂ ತಟ್ಟಲಿಲ್ಲ. ವಾದ ಗೆಲ್ಲುವುದಕ್ಕೆ ಬಂದವರಿಗೆ, ವಾದದೊಳಗಿನ ಸಂಗತಿ ನಿಜವಾಗಿಯೂ ನಿಜವೆಂದು ಆಗಷ್ಟೇ ಹೊಳೆದಂತಿತ್ತು. ಕೆಲವರು ಅಂಗಿಯ ಮೇಲಿನ ಗುಂಡಿ ಸಡಿಲಿಸಿಕೊಂಡರು.

"ನಂಗೆ ಸೊಂಟ ನೋವು," ಎಂದರು ದೀಪದ ಕಂಬ, ಯಾರನ್ನೂ ನೋಡದೆ. "ಬಗ್ಗಿ ಓದ್ಬೇಕಾಗಿತ್ತು. ಬಗ್ಗಲಿಲ್ಲ."

"ನಾನು ಹತ್ತಿ ಓದ್ಬೇಕಾಗಿತ್ತು," ಎಂದ ಪಾದರಸ.

ಒಬ್ಬರ ಸೊಂಟ, ಒಂದು ಮನೆಯ ಕಪಾಟು. ಇಷ್ಟರ ನಡುವೆ ಒಂದು ಊರಿನ ಬಿಸಿ ನಲವತ್ತು ವರ್ಷ ಬಚ್ಚಿಟ್ಟುಕೊಂಡಿತ್ತು. ಪಾದರಸ ಇನ್ನೂ ಕುರ್ಚಿಯ ಮೇಲೇ ನಿಂತಿದ್ದ. ಹಿಂದಿನ ಸಾಲಿನಿಂದ ಯಾರೋ ಬೇಸರದ ದನಿಯಲ್ಲಿ ಹೇಳಿದರು: "ಇಳೀರಿ ಸ್ವಾಮಿ ಕೆಳಗೆ. ಮೊದಲು ಇದ್ದಷ್ಟೇ ಸಾಕಾಗಿತ್ತು."

ಅಧ್ಯಕ್ಷತೆ ವಹಿಸಿದ್ದ ಗ್ರಂಥಪಾಲಕರು ಚರ್ಚೆಯಲ್ಲಿ ಇಬ್ಬರೂ ಚೆನ್ನಾಗಿ ಮಾತಾಡಿದರೆಂದು ತೀರ್ಪಿತ್ತು, ಆ ಕುರ್ಚಿಯನ್ನೇ ಹವಾಮಾನ ಕಚೇರಿಗೆ ಕೊಟ್ಟರು. ಪಾದರಸ ಅದನ್ನು ಹೊತ್ತುಕೊಂಡು ಹೊರಬಂದ. ಹೆಂಡತಿ ಪಕ್ಕದಲ್ಲಿ ನಡೆಯುತ್ತ ಕುರ್ಚಿಯ ಕಾಲುಗಳನ್ನು ಕಣ್ಣಿನಲ್ಲೇ ಅಳೆದಳು.

"ಅಲ್ರೀ, ಇದಕ್ಕೆ ಬೆನ್ನೂ ಇದೆ. ಮಿಷನ್ನಿಗೆ ಕೂತ್ರೆ ನನ್ನ ಬೆನ್ನುನೋವಿಗೆ—"

"ಬೇಡ," ಎಂದ ಪಾದರಸ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಆಡಿದ ಅತಿ ಚಿಕ್ಕ ವಾಕ್ಯ ಅದು. ಅವನು ನೇರವಾಗಿ ಕಚೇರಿಗೆ ಹೋಗಿ ಕುರ್ಚಿಯನ್ನು ಬಿಳಿ ಪೆಟ್ಟಿಗೆಯ ಕಾಲಿಗೆ ಹಗ್ಗದಿಂದ ಎರಡು ಗಂಟು ಹಾಕಿ ಕಟ್ಟಿದ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಕುರ್ಚಿ ಹತ್ತಿ, ಕಣ್ಣಿನ ಮಟ್ಟಕ್ಕೆ ನೋಡಿ, ಜೀವನದ ಮೊಟ್ಟಮೊದಲ ಸರಿಯಾದ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆದ. ಆಮೇಲೆ ಗೇಟಿಗೆ ಬಂದು ಕಪ್ಪು ಹಲಗೆಯ ಮೇಲೂ ಬರೆದ: ಇಪ್ಪತ್ತೇಳು ಪಾಯಿಂಟ್ ಐದು. ಕೈ ಹಗುರವಾಗಿತ್ತು.

ಒಂಬತ್ತರ ಹೊತ್ತಿಗೆ ಹಲಗೆಯ ಮುಂದೆ ಗುಂಪು ಸೇರಿತ್ತು. ವಕೀಲರ ಕಡೆಯವರಿದ್ದರು, ಟೀಚರ ಕಡೆಯವರೂ ಇದ್ದರು. ಅರ್ಧ ಗಡ್ಡದವನೂ ಇದ್ದ.

"ನಿನ್ನೆ ಇಪ್ಪತ್ತೇಳು ಪಾಯಿಂಟ್ ಒಂದಿತ್ತು, ನಾನೇ ನೋಡಿದೀನಿ."

"ರಾತ್ರಿ ಬೆಳಗಾಗೋದ್ರಲ್ಲಿ ಹೆಂಗ್ರೀ ಏರುತ್ತೆ?"

"ಇವನು ಕುರ್ಚಿ ಹತ್ತಿದ ಮೇಲೇ ಅಲ್ವಾ ಶುರುವಾಗಿದ್ದು? ಅಲ್ಲಿ ನೋಡಿ, ಕಟ್ಟಿ ಬೇರೆ ಹಾಕಿದಾನೆ."

ಪಾದರಸ ಸೀಮೆಸುಣ್ಣ ಹಿಡಿದು ಗೇಟಿನೊಳಗೇ ನಿಂತಿದ್ದ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮೂರು ತಿಂಗಳಿಂದ ಮುಖ ಮುಖ ನೋಡದವರು ಪರಸ್ಪರ ತಲೆಯಾಡಿಸುತ್ತಿದ್ದರು. ಬಿಸಿಗೆ ಮನುಷ್ಯನೇ ಕಾರಣ ಎಂಬಲ್ಲಿ ಊರು ಕೊನೆಗೂ ಒಂದಾಗಿತ್ತು. ಯಾವ ಮನುಷ್ಯ ಎಂಬುದರಲ್ಲೂ ಭಿನ್ನಾಭಿಪ್ರಾಯವಿರಲಿಲ್ಲ.