ತಾಯಂದಿರ ಸಂಘಕ್ಕೆ ನಾನೇ ಗೌರವಾಧ್ಯಕ್ಷ

ನಮ್ಮ ತರೀಕೆರೆಯಲ್ಲಿ ನಾಲ್ಕು ಜನ ಒಂದು ಕಡೆ ಸೇರಿ ಸುಖವಾಗಿರುವುದನ್ನು ಕಂಡರೆ ಐದನೆಯವನಿಗೆ ತಡೆಯುವುದಿಲ್ಲ. ಅವರಿಗೊಂದು ಸಂಘ ಕಟ್ಟಿಕೊಡಬೇಕು ಅನ್ನಿಸುತ್ತದೆ. ಸಂಘವೆಂದ ಮೇಲೆ ಅಧ್ಯಕ್ಷ ಬೇಕು, ಅಧ್ಯಕ್ಷನಿಗೆ ಹಾರ ಬೇಕು, ಹಾರ ಹಾಕಿಸಿಕೊಳ್ಳಲು ವೇದಿಕೆ ಬೇಕು, ವೇದಿಕೆಯ ಹಿಂದೆ ಫ್ಲೆಕ್ಸ್ ಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ಮೊದಲಿನ ನಾಲ್ಕು ಜನ ಎಲ್ಲಿಗೆ ಹೋದರೆಂದು ಯಾರೂ ಕೇಳುವುದಿಲ್ಲ. ಈ ಐದನೆಯವನ ತಳಿ ನನಗೆ ಚೆನ್ನಾಗಿ ಗೊತ್ತು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ನಾನು ಇಂಥವರನ್ನು ದಿನಕ್ಕೆ ಹತ್ತು ಮಂದಿಯನ್ನಾದರೂ ನೋಡಿದ್ದೇನೆ. ಹನ್ನೊಂದನೆಯವನು ದಿನಾ ನಮ್ಮ ಮನೆಯ ಕನ್ನಡಿಯಲ್ಲೇ ಕ್ಷೌರ ಮಾಡಿಕೊಳ್ಳುತ್ತಿದ್ದ ಎಂಬುದು ಮಾತ್ರ ತಡವಾಗಿ ತಿಳಿಯಿತು.

ನನ್ನ ಸೊಸೆ ಸುಮ ಪಂಚನಹಳ್ಳಿ ಕಡೆಯವಳು. ಅವಳ ಊರಿನಲ್ಲಿ ಮಗು ಅತ್ತರೆ ಎತ್ತಿಕೊಳ್ಳಲು ಬೀದಿಗಿಬ್ಬರು ಚಿಕ್ಕಮ್ಮಂದಿರು. ಇಲ್ಲಿ ಅವಳಿಗೆ ಸಿಕ್ಕಿದ್ದು ಮಂಡಿನೋವಿನ ಅತ್ತೆ ಮತ್ತು ಉಪದೇಶದ ಮಾವ. ಮಗ ಲಕ್ಕವಳ್ಳಿಯ ಅಣೆಕಟ್ಟಿನ ಕಚೇರಿಗೆ ಬೆಳಿಗ್ಗೆ ಬೈಕು ಹತ್ತಿದರೆ ಬರುವುದು ಕತ್ತಲಾದ ಮೇಲೆ. ಎರಡು ವರ್ಷದ ಪುಟ್ಟಿಯ ಹಿಂದೆ ದಿನವಿಡೀ ಓಡಿ ಓಡಿ ಸೊಸೆ ಕ್ರಮೇಣ ಮಾತೇ ಬಿಟ್ಟಳು. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೆ. ಒಂದು ಮಧ್ಯಾಹ್ನ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದುದು ನನ್ನಾಕೆಯ ಕಿವಿಗೆ ಬಿತ್ತು. ನಮ್ಮಿಬ್ಬರಿಗೂ ನಿಜಕ್ಕೂ ಹೆದರಿಕೆಯಾಯಿತು. ನನ್ನಾಕೆ ದೃಷ್ಟಿ ತೆಗೆದಳು. ನಾನು ದಿನಪತ್ರಿಕೆಯ ಸಂಪಾದಕೀಯ ಓದಮ್ಮ, ಮನಸ್ಸಿಗೆ ಬದಲಾವಣೆಯಾಗುತ್ತದೆ ಎಂದು ಸಲಹೆ ಕೊಟ್ಟೆ. ಅವಳು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ.

ಕೊನೆಗೆ ದಾರಿ ತೋರಿಸಿದ್ದು ಅಂಗನವಾಡಿಯ ಗಿರಿಜಮ್ಮ. ಮಧ್ಯಾಹ್ನ ಅಂಗನವಾಡಿ ಮುಗಿದ ಮೇಲೆ ಅದರ ಮುಂದಿನ ಹೊಂಗೆ ಮರದಡಿ ಆಕೆ ಒಂದು ಚಾಪೆ ಹಾಸಿಡುತ್ತಿದ್ದರು. ಬೀದಿಯ ಐದಾರು ಎಳೆಯ ತಾಯಂದಿರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಬರುತ್ತಿದ್ದರು. ಮಕ್ಕಳು ಮಣ್ಣು ತಿನ್ನುತ್ತಿದ್ದವು. ತಾಯಂದಿರು ಮಾತಾಡುತ್ತಿದ್ದರು. ಯಾವ ಮಗು ಎರಡು ದಿನದಿಂದ ಕಕ್ಕ ಮಾಡಿಲ್ಲ, ಯಾರ ಗಂಡ ಮಗುವನ್ನು ಹತ್ತು ನಿಮಿಷ ನೋಡಿಕೊಂಡು ಊರಿಗೆಲ್ಲ ಸಾರಿದ, ಯಾರ ಮಾವ ಏನು ಉಪದೇಶ ಮಾಡಿದರು, ಇದೇ ಅಲ್ಲಿನ ಕಾರ್ಯಕಲಾಪ. ಒಬ್ಬಳ ಮಗುವಿಗೆ ಗಿಡ್ಡವಾದ ಸ್ವೆಟರು ಇನ್ನೊಬ್ಬಳ ಮಗುವಿಗೆ ಹೋಗುತ್ತಿತ್ತು. ಒಬ್ಬಳು ತೂಕಡಿಸಿದರೆ ಉಳಿದವರು ಅವಳ ಮಗುವನ್ನು ನೋಡಿಕೊಳ್ಳುತ್ತಿದ್ದರು. ಹದಿನೈದು ದಿನ ಕಳೆಯುವುದರೊಳಗೆ ಸುಮ ರೊಟ್ಟಿ ತಟ್ಟುತ್ತ ಹಾಡು ಗುನುಗತೊಡಗಿದಳು. ನಾನು ಅಲ್ಲಿಗೆ ಸುಮ್ಮನಾಗಬೇಕಿತ್ತು.

ಆದರೆ ಆ ಚಾಪೆ ನನ್ನ ಕಣ್ಣು ಕುಕ್ಕುತ್ತಿತ್ತು. ಇಷ್ಟು ಒಳ್ಳೆಯ ಕೆಲಸ ಹೀಗೆ ಹೇಳುವವರು ಕೇಳುವವರಿಲ್ಲದೆ ನಡೆಯುವುದೇ? ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯಿಟ್ಟ ಮಲ್ಲೇಶಪ್ಪನವರಿಗೆ ಹೇಳಿದೆ. ಅವರು ಸಮಾಜಸೇವೆಗೆ ಸದಾ ಸಿದ್ಧ, ಫೋಟೋಗ್ರಾಫರ್ ಬಂದಿರಬೇಕು ಅಷ್ಟೆ. ಒಂದೇ ವಾರದಲ್ಲಿ ಸಂಘವಾಯಿತು. ಮಲ್ಲೇಶಪ್ಪ ಅಧ್ಯಕ್ಷರು, ನಾನು ಗೌರವಾಧ್ಯಕ್ಷ, ಉಳಿದ ಸ್ಥಾನಗಳೆಲ್ಲ ಮಲ್ಲೇಶಪ್ಪನವರ ಬೀಗರಿಗೆ. ಉದ್ಘಾಟನೆಯ ಫ್ಲೆಕ್ಸಿನಲ್ಲಿ ಹನ್ನೆರಡು ಗಂಡಸರ ಮುಖಗಳಿದ್ದವು. ಮಗುವಿನದು ಒಂದೇ ಒಂದು, ಅದೂ ನೀಲಿ ಕಣ್ಣಿನದು. ತರೀಕೆರೆಯಲ್ಲಿ ಅಂಥ ಕೂಸು ಯಾರ ಮನೆಯಲ್ಲೂ ಇಲ್ಲ. ತಾಯಂದಿರಿಗೆ ಒಂದೇ ಬಣ್ಣದ ಸೀರೆಯುಟ್ಟು ಪೂರ್ಣಕುಂಭ ಹಿಡಿದು ನಿಲ್ಲಲು ಹೇಳಿದೆವು. ಮಕ್ಕಳನ್ನು ಯಾರು ಹಿಡಿದುಕೊಳ್ಳಬೇಕೆಂದು ಯಾರೂ ಯೋಚಿಸಿರಲಿಲ್ಲ.

ಸಮುದಾಯ ಭವನದಲ್ಲಿ ನಡೆದ ಉದ್ಘಾಟನೆಯಲ್ಲಿ ಮುಖ್ಯ ಅತಿಥಿಗಳು ಶಿಶುಪಾಲನೆಯ ಬಗ್ಗೆ ಒಂದೂವರೆ ಗಂಟೆ ಮಾತಾಡಿದರು. ನಡುವೆ ತಮ್ಮ ಮೊಮ್ಮಗನ ಉದಾಹರಣೆ ಕೊಡಲು ಹೋಗಿ ಅವನ ಹೆಸರು ನೆನಪಾಗದೆ ಮುಂದಿನ ಸಾಲಿನಲ್ಲಿದ್ದ ಹೆಂಡತಿಯ ಮುಖ ನೋಡಿದರು. ಅಳುವ ಮಕ್ಕಳನ್ನು ದಯವಿಟ್ಟು ಹೊರಗೆ ಕರೆದೊಯ್ಯಿರಿ ಎಂದು ಮೈಕಿನಲ್ಲಿ ಕೇಳಿಕೊಂಡವನು ನಾನೇ. ಅರ್ಧ ಗಂಟೆಯಲ್ಲಿ ತಾಯಂದಿರೆಲ್ಲ ಹೊರಗಿದ್ದರು. ಒಳಗೆ ಉಳಿದ ಪದಾಧಿಕಾರಿಗಳಾದ ನಾವು ತಾಯಿಯ ಮಹತ್ವವನ್ನು ಒಬ್ಬರಿಗೊಬ್ಬರು ವಿವರಿಸಿಕೊಂಡೆವು. ಮಲ್ಲೇಶಪ್ಪನವರು ತಮ್ಮ ಹೆಸರು ಬರೆಸಿದ ಪ್ಲಾಸ್ಟಿಕ್ ಜಾರುಬಂಡೆಯನ್ನು ದಾನ ಮಾಡಿದರು. ಮಕ್ಕಳು ಹತ್ತಿದರೆ ಹಾಳಾಗುತ್ತದೆಂದು ಅದನ್ನು ಕವರ್ ಸಮೇತ ಅಂಗನವಾಡಿಯ ದಾಸ್ತಾನು ಕೋಣೆಯಲ್ಲಿಟ್ಟು ಬೀಗ ಹಾಕಿದೆವು. ನನ್ನ ಸ್ವಂತ ಕೊಡುಗೆಯೆಂದರೆ ಹಾಜರಿ ಪುಸ್ತಕ. ಸತತ ಮೂರು ದಿನ ಬಾರದ ತಾಯಿ ಕಾರಣವನ್ನು ಲಿಖಿತವಾಗಿ ಕೊಡತಕ್ಕದ್ದು ಎಂದು ಮೊದಲ ಪುಟದಲ್ಲೇ ಬರೆದಿದ್ದೆ.

ಯಾರೂ ಕಾರಣ ಕೊಡಲಿಲ್ಲ. ಬರುವುದನ್ನೇ ಬಿಟ್ಟರು. ಒಂದು ತಿಂಗಳಲ್ಲಿ ಹೊಂಗೆ ಮರದಡಿ ನಾನು, ಪುಸ್ತಕ ಮತ್ತು ಫ್ಲೆಕ್ಸ್ ಮಾತ್ರ ಉಳಿದೆವು. ಈ ಕಾಲದ ಹೆಣ್ಣುಮಕ್ಕಳಿಗೆ ಶಿಸ್ತಿಲ್ಲ ಎಂದು ಮಲ್ಲೇಶಪ್ಪನವರೂ ನಾನೂ ತೀರ್ಮಾನಿಸಿದೆವು. ಮನೆಯಲ್ಲಿ ಸೊಸೆ ಮತ್ತೆ ಹೂಂ, ಊಹೂಂಗೆ ಇಳಿದಳು. ಬಚ್ಚಲಮನೆಯ ನಲ್ಲಿ ಮತ್ತೆ ಹೊತ್ತಲ್ಲದ ಹೊತ್ತಿನಲ್ಲಿ ಹರಿಯತೊಡಗಿತು. ನನ್ನಾಕೆ ನನ್ನ ಎದುರು ಕಾಫಿ ಲೋಟ ಕುಕ್ಕಿ, "ನಿಮ್ ಸಂಘಕ್ಕೆ ಬೆಂಕಿ ಬೀಳ. ನಗ್ತಿದ್ದ ಹುಡುಗೀನ ಅಳಂಗ್ ಮಾಡ್ಬಿಟ್ರಿ" ಅಂದಳು. ನನಗೆ ಚುಚ್ಚಿತು. ಆದರೆ ಚುಚ್ಚಿಸಿಕೊಂಡ ಗೌರವಾಧ್ಯಕ್ಷ ಏನು ಮಾಡುತ್ತಾನೆ? ವರ್ಷ ತುಂಬದಿದ್ದರೂ ವಾರ್ಷಿಕೋತ್ಸವ ಮಾಡುತ್ತಾನೆ.

ಆ ತಯಾರಿಯಲ್ಲಿ ನಾನು ಮುಳುಗಿದ್ದಾಗಲೇ ಸುಮ ಮಧ್ಯಾಹ್ನ ಮಗುವನ್ನು ಸುತ್ತಾಡಿಸಿಕೊಂಡು ಬರುತ್ತೇನೆಂದು ಹೊರಡಲು ಶುರುಮಾಡಿದಳು. ಹಾಡು ಮರಳಿ ಬಂತು. ವಾರ್ಷಿಕೋತ್ಸವದ ಸುದ್ದಿಯಿಂದಲೇ ಅವಳಿಗೆ ಹುರುಪು ಬಂದಿದೆಯೆಂದು ನಾನು ಹಿಗ್ಗಿದೆ. ಭಾಷಣಕ್ಕೆ ಮನುಷ್ಯರ ಡಾಕ್ಟರು ಯಾರೂ ಒಪ್ಪದ ಕಾರಣ ದನದ ಡಾಕ್ಟರನ್ನಾದರೂ ಕರೆಯೋಣವೆಂದು ಆಹ್ವಾನಪತ್ರಿಕೆ ಹಿಡಿದು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಹಳ್ಳಿಗೆ ಹೋಗಿದ್ದರು. ಆಸ್ಪತ್ರೆಯ ಹಿಂದಿನಿಂದ ನಗು ಕೇಳಿಸಿತು.

ಹೋಗಿ ನೋಡಿದರೆ ನಮ್ಮ ಸಂಘದ ಗೈರುಹಾಜರಿ ಸದಸ್ಯೆಯರೆಲ್ಲ ಅಲ್ಲಿದ್ದರು. ಜೊತೆಗೆ ಗಿರಿಜಮ್ಮ, ಅದೇ ಚಾಪೆ. ದನಕ್ಕೆ ಸೂಜಿ ಚುಚ್ಚುವಾಗ ನಿಲ್ಲಿಸುವ ಕಬ್ಬಿಣದ ಪೈಪಿನ ಚೌಕಟ್ಟಿಗೆ ಮಕ್ಕಳು ಜೋತುಬಿದ್ದು ತೂಗುತ್ತಿದ್ದವು. ನಮ್ಮ ಪುಟ್ಟಿ ಮೈಯೆಲ್ಲ ಮಣ್ಣು ಮಾಡಿಕೊಂಡು ಕೆಳಗಿನ ಪೈಪಿನ ಮೇಲೆ ನಿಂತಿದ್ದಳು. ನನ್ನನ್ನು ಕಂಡದ್ದೇ ತಡ, ನಗು ನಿಂತಿತು. ಒಬ್ಬಳು ಆಗಲೇ ಚಪ್ಪಲಿ ಹುಡುಕುತ್ತಿದ್ದಳು. ಇವರು ಇಲ್ಲಿಂದಲೂ ಎದ್ದರೆ ನನ್ನ ಸೊಸೆಗೆ ಇನ್ನು ಹೋಗಲು ಜಾಗವಿಲ್ಲ ಎಂಬುದು ನನ್ನಂಥ ನನಗೂ ಹೊಳೆಯಿತು. ಕೈಯಲ್ಲಿದ್ದ ಆಹ್ವಾನಪತ್ರಿಕೆಯನ್ನು ಬೆನ್ನ ಹಿಂದೆ ಮಾಡಿಕೊಂಡೆ.

ಸುಮ ಎದ್ದು ಬಂದಳು. ಮದುವೆಯಾಗಿ ಬಂದ ಮೇಲೆ ನನ್ನ ಮುಖ ನೋಡಿ ಅವಳು ನೇರವಾಗಿ ಮಾತಾಡಿದ್ದು ಅದೇ ಮೊದಲು.

"ಮಾವ, ಬೇಕಾದ್ರೆ ಕೂತ್ಕಳಿ. ಆದ್ರೆ ಏನೂ ಮಾಡ್ಬೇಡಿ."

ಚಾಪೆಯ ತುದಿಯಲ್ಲಿ ಕೂತೆ. ಚಾಪೆ ಹರಿದಿತ್ತು, ಹೊಸದು ಕೊಡಿಸೋಣವೇ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಪೈಪಿನ ಬಣ್ಣ ಹೋಗಿತ್ತು, ಅದನ್ನೂ ನುಂಗಿದೆ. ಸರ್ಕಾರಿ ಕಚೇರಿಯಲ್ಲಿ ಏನೂ ಮಾಡದೆ ಕೂತಿದ್ದಕ್ಕೆ ಜೀವಮಾನವಿಡೀ ಸಂಬಳ ತೆಗೆದುಕೊಂಡವನು ನಾನು. ಆದರೂ ಅರ್ಧ ಗಂಟೆಯಲ್ಲಿ ಅಂಗಿ ಬೆನ್ನಿಗಂಟುವಷ್ಟು ಬೆವರಿಬಿಟ್ಟೆ.